ನಾಗಪುರದ ಬೀಗ, ಧಾರವಾಡದ ಕೀಲಿಕೈ

ನಾಗಪುರ ಅಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಕಿತ್ತಳೆ ಹಣ್ಣು, ಮೇ ತಿಂಗಳ ಬಿಸಿಲು, ಮತ್ತು ಬೆಂಗಳೂರಿನಿಂದ ದೆಹಲಿಗೆ ಹೋಗುವಾಗ ನಡುವೆ ಸಿಗುವ ದೊಡ್ಡ ರೈಲ್ವೆ ಸ್ಟೇಷನ್. ಇಲ್ಲಿ ಇಳಿದು ಊರು ನೋಡಿದವರು ಕಡಿಮೆ. ಆದರೆ ಈ ಊರಿನ ಹೆಸರು ಬರಹದಲ್ಲಿ ಮೊದಲು ಸಿಗುವುದು ನಮ್ಮದೇ ಅರಸನ ದಾಖಲೆಯಲ್ಲಿ ಅನ್ನುವುದು ಅನೇಕರಿಗೆ ತಿಳಿದಿಲ್ಲ. ಪಕ್ಕದ ವರ್ಧಾ ಜಿಲ್ಲೆಯ ದೇವಳಿ ಎಂಬಲ್ಲಿ ಒಂದು ತಾಮ್ರಶಾಸನ ಸಿಕ್ಕಿದೆ. ಶಕವರ್ಷ 862, ಅಂದರೆ ಕ್ರಿ.ಶ. 940ರದು. ರಾಷ್ಟ್ರಕೂಟರ ಮೂರನೆಯ ಕೃಷ್ಣ ಒಂದು ಹಳ್ಳಿಯನ್ನು ದಾನ ಕೊಟ್ಟ ದಾಖಲೆ ಅದು. ಆ ಹಳ್ಳಿ ‘ನಾಗಪುರ-ನಂದಿವರ್ಧನ’ ಎಂಬ ವಿಷಯದಲ್ಲಿ, ಅಂದರೆ ಇವತ್ತಿನ ಮಾತಿನಲ್ಲಿ ಜಿಲ್ಲೆಯಲ್ಲಿ, ಇತ್ತು. ಅರಸನ ರಾಜಧಾನಿ ಮಾನ್ಯಖೇಟ, ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ.

ನಾನು ಇತಿಹಾಸ ಓದಿದವನಲ್ಲ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಹಾಗಾಗಿ ತಾಮ್ರಶಾಸನದ ವಿಷಯ ಓದಿದಾಗ ನನ್ನ ಕಣ್ಣು ಹೋದದ್ದು ವಂಶಾವಳಿಯ ಕಡೆಗಲ್ಲ, ಬಳೆಯ ಕಡೆಗೆ. ಆ ಕಾಲದ ಪದ್ಧತಿ ಹೀಗಿತ್ತು. ತಾಮ್ರದ ಹಲಗೆಗಳಿಗೆ ತೂತು ಕೊರೆದು, ಒಂದು ಬಳೆ ಪೋಣಿಸಿ, ಬಳೆಯ ಎರಡು ತುದಿ ಕೂಡುವಲ್ಲಿ ರಾಜಮುದ್ರೆ ಹಾಕಿ ಬೆಸೆಯುತ್ತಿದ್ದರು. ನಡುವಿನ ಹಲಗೆ ತೆಗೆದು ಬೇರೆ ಸೇರಿಸಬೇಕಾದರೆ ಬಳೆ ಕತ್ತರಿಸಬೇಕು. ಕತ್ತರಿಸಿದರೆ ಗೊತ್ತಾಗುತ್ತದೆ. ಅರಸ ಮಳಖೇಡದಲ್ಲಿ, ಹಳ್ಳಿ ನೂರಾರು ಕಿಲೋಮೀಟರ್ ದೂರದ ವಿದರ್ಭದಲ್ಲಿ. ಅಲ್ಲಿನ ಅಧಿಕಾರಿಗೆ ಅರಸನ ಮುಖ ಕಾಣದು. ಆದರೂ ‘ಇದು ಅವನದೇ ಅಪ್ಪಣೆ’ ಎಂದು ನಂಬಿ ಹಳ್ಳಿಯನ್ನು ಬಿಟ್ಟುಕೊಡಬೇಕು. ದೂರದಲ್ಲಿ ಕೂತವನು ಇಲ್ಲಿನ ಬೀಗವನ್ನು ಹೇಗೆ ತೆಗೆಯಬೇಕು ಎನ್ನುವ ಪ್ರಶ್ನೆ ಅಷ್ಟು ಹಳೆಯದು.

ನಮ್ಮಲ್ಲಿ ಕೀಲಿ ಅನ್ನುವುದನ್ನು ಇಲ್ಲಿ ಮರಾಠಿಯಲ್ಲಿ ಕಿಲ್ಲಿ ಅಂತಾರೆ. ಈ ಲೇಖನ ಆ ಕೀಲಿಯ ಕಥೆ. ಅದರಲ್ಲೂ ಊರು ಬಿಟ್ಟು ಇರುವವರ ಕೀಲಿಯ ಕಥೆ.

ಕನ್ನಡಿಗರು ನಾಗಪುರಕ್ಕೆ ಬಂದದ್ದು ಹಲವು ದಾರಿಗಳಿಂದ. ರೈಲ್ವೆ, ಗಣಿ ಇಲಾಖೆ, ಅಂಬಾಝರಿಯ ಮದ್ದುಗುಂಡು ಕಾರ್ಖಾನೆ, ಹೋಟೆಲು. ಇನ್ನೊಂದು ದೊಡ್ಡ ದಾರಿ ಬ್ಯಾಂಕು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕು, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕು, 1924ರಲ್ಲಿ ಕರ್ನಾಟಕ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು, 1931ರಲ್ಲಿ ವಿಜಯಾ ಬ್ಯಾಂಕು ಹುಟ್ಟಿದವು. ಒಂದೇ ಕರಾವಳಿಯ ಐದು ಬ್ಯಾಂಕುಗಳು ದೇಶದ ತುಂಬ ಶಾಖೆ ತೆರೆದವು. ಶಾಖೆ ಹೋದಲ್ಲಿಗೆಲ್ಲ ವರ್ಗವಾಗಿ ನಮ್ಮವರೂ ಹೋದರು. ಇವುಗಳಲ್ಲಿ ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋಯಿತು, ವರ್ಗವಾಗಿ ಬಂದು ಇಲ್ಲೇ ಮನೆ ಕಟ್ಟಿದ ನಮ್ಮಂಥವರು ಉಳಿದೆವು.

ಬ್ಯಾಂಕು ಸೇರಿದವನಿಗೆ ಮೊದಲು ಕಲಿಸುವ ಪಾಠ ಲೆಕ್ಕದ್ದಲ್ಲ, ಕೀಲಿಯದು. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಮ್ಯಾನೇಜರ ಅಥವಾ ಅಕೌಂಟೆಂಟರ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು ತೆಗೆಯುತ್ತದೆ. ಇದಕ್ಕೆ ಜಂಟಿ ಸುಪರ್ದಿ ಎಂದು ಹೆಸರು. ಕೀಲಿಗಳ ಎರಡನೆಯ ಜೋಡಿ ಮೊಹರು ಮಾಡಿದ ಲಕೋಟೆಯಲ್ಲಿ ಬೇರೆ ಶಾಖೆಯಲ್ಲಿ ಇರುತ್ತದೆ. ಆಗಾಗ ಅದನ್ನು ತರಿಸಿ, ಬಳಕೆಯ ಜೋಡಿಯನ್ನು ಅಲ್ಲಿಗೆ ಕಳಿಸಿ, ರಿಜಿಸ್ಟರಿನಲ್ಲಿ ಬರೆದು ಸಹಿ ಮಾಡಬೇಕು. ರಜೆ ಹಾಕುವವನು ಕೀಲಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳದೆ ಹೊಸ್ತಿಲು ದಾಟುವಂತಿರಲಿಲ್ಲ.

ಇದು ಎದುರಿನ ಬಾಗಿಲಿನ ಮಾತಾಯಿತು. ದೂರದ ಬಾಗಿಲಿಗೆ ಇನ್ನೊಂದು ಏರ್ಪಾಡಿತ್ತು, ಅದನ್ನು ಇವತ್ತಿನ ಹುಡುಗರು ನೋಡಿಲ್ಲ. ಅದರ ಹೆಸರು ಟಿ.ಟಿ., ಟೆಲಿಗ್ರಾಫಿಕ್ ಟ್ರಾನ್ಸ್‌ಫರ್. ನಾಗಪುರದಲ್ಲಿರುವ ಮಗ ಹುಬ್ಬಳ್ಳಿಯ ಅಪ್ಪನಿಗೆ ತುರ್ತಾಗಿ ಐದು ಸಾವಿರ ಕಳಿಸಬೇಕು ಅನ್ನಿ. ಇಲ್ಲಿ ದುಡ್ಡು ಕಟ್ಟುತ್ತಾನೆ. ಇಲ್ಲಿನ ಶಾಖೆ ಹುಬ್ಬಳ್ಳಿ ಶಾಖೆಗೆ ತಂತಿ ಹೊಡೆಯುತ್ತದೆ, ಇಂಥವರಿಗೆ ಇಷ್ಟು ಕೊಡಿ ಎಂದು. ಆ ತಂತಿಯನ್ನು ಇಲ್ಲಿನ ತಂತಿ ಗುಮಾಸ್ತ ಓದುತ್ತಾನೆ, ಅಲ್ಲಿನವನು ಓದುತ್ತಾನೆ, ತಂದುಕೊಡುವ ಪೇದೆಯೂ ಓದಬಹುದು. ಯಾರು ಬೇಕಾದರೂ ಅಂಥದೊಂದು ತಂತಿ ಕಳಿಸಲೂಬಹುದು. ಹಾಗಿದ್ದರೆ ಹುಬ್ಬಳ್ಳಿಯ ಅಧಿಕಾರಿ ಯಾವ ಧೈರ್ಯದ ಮೇಲೆ ದುಡ್ಡು ಎಣಿಸಿ ಕೊಡಬೇಕು?

ಅದಕ್ಕಾಗಿ ತಂತಿಯಲ್ಲಿ ಒಂದು ಸಂಖ್ಯೆ ಇರುತ್ತಿತ್ತು. ಸೈಫರ್ ಅಂತಿದ್ದೆವು. ತಾರೀಖು, ಮೊತ್ತ, ಶಾಖೆ ಇಂಥವಕ್ಕೆಲ್ಲ ಗುಪ್ತ ಪುಸ್ತಕದ ಕೋಷ್ಟಕಗಳಲ್ಲಿ ಒಂದೊಂದು ಅಂಕಿ. ಅವನ್ನೆಲ್ಲ ಕೂಡಿಸಿ ಬಂದ ಸಂಖ್ಯೆಯನ್ನು ತಂತಿಯಲ್ಲಿ ಸೇರಿಸುವುದು. ತಂತಿ ಮುಟ್ಟಿದ ಶಾಖೆಯ ಅಧಿಕಾರಿ ತನ್ನ ಪುಸ್ತಕ ತೆಗೆದು ಅದೇ ಲೆಕ್ಕ ಮಾಡುವುದು. ತಾಳೆಯಾದರೆ ದುಡ್ಡು, ಆಗದಿದ್ದರೆ ತಿರುಗಿ ತಂತಿ. ದಾರಿಯಲ್ಲಿ ಯಾರೋ ಮೊತ್ತ ತಿದ್ದಿದರೆ ಸಂಖ್ಯೆ ಕೂಡುವುದಿಲ್ಲ. 1980ರ ದಶಕದಲ್ಲಿ ಆ ಪುಸ್ತಕ ನನ್ನ ಸುಪರ್ದಿಗೆ ಬಂದಾಗ ಹಿರಿಯರು ಹೇಳಿದ್ದು ಇಷ್ಟೇ: “ಲೆಕ್ಕ ಮಾಡೋದು ಹ್ಯಾಂಗಂತ ಊರಿಗೆಲ್ಲ ಗೊತ್ತಾದ್ರೂ ಚಿಂತಿಲ್ಲಪಾ. ಪುಸ್ತಕ ಮಾತ್ರ ಕಪಾಟಿನ್ಯಾಗ ಇರ್ಬೇಕು.”

ಅವರಿಗೆ ಗೊತ್ತಿತ್ತೋ ಇಲ್ಲವೋ, ಈ ಮಾತನ್ನು ಒಗಸ್ಟ್ ಕೆರ್ಕ್‌ಹಾಫ್ಸ್ ಎಂಬವರು 1883ರಲ್ಲಿ ಫ್ರಾನ್ಸಿನ ಸೈನ್ಯದ ಪತ್ರಿಕೆಯಲ್ಲಿ ನಿಯಮವಾಗಿ ಬರೆದಿದ್ದರು. ಬೀಗದ ರಚನೆ ಶತ್ರುವಿನ ಕೈಗೆ ಸಿಕ್ಕರೂ ಕೆಡುಕಾಗಬಾರದು, ಗುಟ್ಟು ಇರಬೇಕಾದದ್ದು ಕೀಲಿಯಲ್ಲಿ ಮಾತ್ರ ಅಂತ. ಇವತ್ತಿನ ಗೂಢಲಿಪಿ ವಿದ್ಯೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಅದಕ್ಕೂ ಮೊದಲೇ ಬ್ಯಾಂಕುಗಳು ಅದನ್ನು ಬಿಟ್ಟಾಗಿತ್ತು. ಐ.ಟಿ. ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದು ಡಿಜಿಟಲ್ ಸಹಿಗೆ ಮಾನ್ಯತೆ ಸಿಕ್ಕಿತು. 2004ರ ಮಾರ್ಚ್‌ನಲ್ಲಿ ಆರ್‌ಟಿಜಿಎಸ್, 2005ರ ನವೆಂಬರಿನಲ್ಲಿ ನೆಫ್ಟ್ ಬಂದವು. ಸೈಫರ್ ಪುಸ್ತಕದ ಕೆಲಸವನ್ನು ಕಂಪ್ಯೂಟರು ವಹಿಸಿಕೊಂಡಿತು.

ಇನ್ನು ಮನೆಗೆ ಬರೋಣ. ಬ್ಯಾಂಕಿನಲ್ಲಿದ್ದ ಪ್ರಶ್ನೆ ನಿವೃತ್ತಿಯಾದ ಮೇಲೆ ಮನೆಗೂ ಬಂತು. ನಮಗೆ ಎರಡು ಮನೆ. ಒಂದು ನಾಗಪುರದ್ದು, ಇನ್ನೊಂದು ಧಾರವಾಡದ ಹಿರೇರ ಮನೆ. ಏಪ್ರಿಲ್ ಬಂತೆಂದರೆ ಇಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ನಾವು ಧಾರವಾಡಕ್ಕೆ ಹೊರಡುತ್ತೇವೆ. ಕಾಗದಪತ್ರಗಳು ಮಾತ್ರ ಎರಡು ಕಡೆ ಚದುರಿದ್ದವು. ಹೊಲದ ಉತಾರ, ಅಪ್ಪನ ಪತ್ರಗಳು, ಅವ್ವ ಹಾಡಿದ ಬೀಸುಕಲ್ಲಿನ ಪದಗಳ ಕ್ಯಾಸೆಟ್ಟುಗಳು, ದವಾಖಾನೆಯ ರಿಪೋರ್ಟುಗಳು. ಪುಣೆಯಲ್ಲಿರುವ ಅಳಿಯ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಒಂದು ಸಣ್ಣ ಕಂಪ್ಯೂಟರಿನಲ್ಲಿ ಇಟ್ಟುಕೊಟ್ಟರು. ಊಟದ ಡಬ್ಬಿಯಷ್ಟು ದೊಡ್ಡದು. ಅದಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ. ಇಂಥವಕ್ಕೆ ಹೆಡ್‌ಲೆಸ್ ಸರ್ವರ್, ತಲೆಯಿಲ್ಲದ ಯಂತ್ರ ಅಂತಾರಂತೆ. ನಾಗಪುರದ ಮನೆಯ ಕಪಾಟಿನಲ್ಲಿ ಕೂತು ಹಗಲು ರಾತ್ರಿ ಓಡುತ್ತದೆ. ನಾವು ಎಲ್ಲಿದ್ದರೂ ಕಾಗದ ತೆಗೆದು ನೋಡಬಹುದು.

ತಿಂಗಳುಗಟ್ಟಲೆ ಬೀಗ ಹಾಕಿದ ಮನೆ. ಕಳ್ಳ ಬಂದು ಡಬ್ಬಿ ಎತ್ತಿಕೊಂಡು ಹೋದರೆ? ಡಬ್ಬಿ ಹೋದರೆ ಹೋಗಲಿ, ಆಧಾರ್, ಪಾನ್, ಆಸ್ತಿಪತ್ರ, ಸಹಿಯ ನಮೂನೆ ಎಲ್ಲ ಅವನ ಕೈಗೆ ಹೋಗುತ್ತವೆ. ಅದಕ್ಕೇ ಡಿಸ್ಕನ್ನು ಪೂರ್ತಿ ಎನ್‌ಕ್ರಿಪ್ಟ್ ಮಾಡಿದ್ದಾರೆ. ಅಂದರೆ ಅದರ ಮೇಲೆ ಬರೆದದ್ದೆಲ್ಲ ಗೂಢಲಿಪಿಯಲ್ಲೇ ಇರುತ್ತದೆ. ಯಂತ್ರ ಶುರುವಾಗುವಾಗ ಒಂದು ಗುಪ್ತವಾಕ್ಯ ಕೊಟ್ಟರೆ ಮಾತ್ರ ಓದಲು ಬರುತ್ತದೆ. ಕಳ್ಳ ವೈರು ಕಿತ್ತ ಕ್ಷಣಕ್ಕೆ ಬಾಗಿಲು ಮುಚ್ಚಿತು.

ಆದರೆ ವೈರು ಕೀಳುವವನು ಕಳ್ಳನೊಬ್ಬನೇ ಅಲ್ಲವಲ್ಲ. ಮೇ ತಿಂಗಳ ಸಂಜೆ ಇಲ್ಲಿ ಬಿರುಗಾಳಿ ಏಳುತ್ತದೆ, ವಾದಳ ಅಂತಾರೆ. ಮರ ಬಿದ್ದು ಕರೆಂಟು ಹೋಗುತ್ತದೆ. ಬ್ಯಾಟರಿ ಇರುವಷ್ಟು ಹೊತ್ತು ಯಂತ್ರ ತಡೆಯುತ್ತದೆ, ಆಮೇಲೆ ಮಲಗುತ್ತದೆ. ಕರೆಂಟು ಬಂದಾಗ ತಾನಾಗಿ ಏಳುತ್ತದೆ. ಎದ್ದು ಗುಪ್ತವಾಕ್ಯಕ್ಕಾಗಿ ಕಾಯುತ್ತ ಕೂರುತ್ತದೆ. ಕೇಳುವುದಕ್ಕೆ ಪರದೆಯಿಲ್ಲ, ಹೇಳುವುದಕ್ಕೆ ಕೀಬೋರ್ಡಿಲ್ಲ, ಹೇಳಬೇಕಾದವನು ಧಾರವಾಡದಲ್ಲಿ. ಕಳ್ಳನಿಗೆ ಹಾಕಿದ ಬೀಗ ನಮಗೇ ಬಿತ್ತು.

ಈ ತೊಡಕನ್ನು ಬಿಡಿಸಿದವರ ಇತಿಹಾಸ ಸ್ವಾರಸ್ಯವಾಗಿದೆ. ಮೊದಲ ಕಾಲದಲ್ಲಿ ದೂರದ ಕಂಪ್ಯೂಟರಿಗೆ ಟೆಲ್‌ನೆಟ್ ಎಂಬ ವಿಧಾನದಿಂದ ಒಳಹೋಗುತ್ತಿದ್ದರು. ಅದರಲ್ಲಿ ಗುಪ್ತಪದ ಬತ್ತಲಾಗಿ ತಂತಿಯ ಮೇಲೆ ಹೋಗುತ್ತಿತ್ತು, ನಮ್ಮ ಟಿ.ಟಿ. ತಂತಿಯ ಹಾಗೆ. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆ ಗುಪ್ತಪದಗಳನ್ನು ಕದ್ದರು. ಅಲ್ಲಿದ್ದ ತಾತು ಉಲೋನೆನ್ ಅವರು 1995ರಲ್ಲಿ ಎಸ್‌ಎಸ್‌ಎಚ್ ಎಂಬ ಸುಭದ್ರ ದಾರಿಯನ್ನು ರಚಿಸಿದರು. ಎರಡು ತುದಿಗಳ ನಡುವೆ ಹೋಗುವುದೆಲ್ಲ ಗೂಢಲಿಪಿಯಲ್ಲಿ. ಆಸ್ಟ್ರೇಲಿಯದ ಮ್ಯಾಟ್ ಜಾನ್‌ಸ್ಟನ್ ಇದರ ತೀರ ಸಣ್ಣ ರೂಪವೊಂದನ್ನು ಬರೆದರು, ಅದು 2003ರಲ್ಲಿ ಹೊರಬಂತು, ಹೆಸರು ಡ್ರಾಪ್‌ಬೇರ್. ಇನ್ನೊಂದು ಕಡೆ, 2004ರಲ್ಲಿ ಲಿನಕ್ಸಿನ ತಿರುಳಿಗೆ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಡಿಎಂ-ಕ್ರಿಪ್ಟ್ ಸೇರಿತು. ಅದಕ್ಕೆ ಕೀಲಿ ನಿರ್ವಹಣೆಯ ಕ್ರಮವನ್ನು ಕ್ಲೆಮೆನ್ಸ್ ಫ್ರುವಿರ್ತ್ ಕಟ್ಟಿದರು, ಅದೇ ಲಕ್ಸ್. ಯಂತ್ರ ಏಳುವ ಹೊತ್ತಿನಲ್ಲೇ ಡ್ರಾಪ್‌ಬೇರನ್ನು ಬಾಗಿಲಲ್ಲಿ ಕೂರಿಸುವ ಏರ್ಪಾಡು ಡೆಬಿಯನ್ ಮೊದಲಾದ ಲಿನಕ್ಸುಗಳಲ್ಲಿ ಆಮೇಲೆ ಬಂತು.

ಅಳಿಯ ನನಗೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಡಿಸ್ಕಿನ ಮುಂದೆ ಒಂದು ಸಣ್ಣ ಪಡಸಾಲೆ ಇದೆ. ಅದಕ್ಕೆ ಬೀಗವಿಲ್ಲ, ಬೀಗ ಇರುವುದು ಒಳಗಿನ ಕೋಣೆಗೆ. ಕರೆಂಟು ಬಂದಾಗ ಯಂತ್ರ ಮೊದಲು ಪಡಸಾಲೆಯಲ್ಲಿ ಎಚ್ಚರವಾಗುತ್ತದೆ. ಅಲ್ಲಿ ಡ್ರಾಪ್‌ಬೇರ್ ಎಂಬ ಕಾವಲುಗಾರ ಇಂಟರ್ನೆಟ್ಟಿನ ಬಾಗಿಲು ನೋಡುತ್ತ ನಿಲ್ಲುತ್ತಾನೆ. ನಾನು ಧಾರವಾಡದಿಂದ ಅವನನ್ನು ಕೂಗುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಖಾಸಗಿ ಕೀಲಿಯಿದೆ, ಅದರ ಜೋಡಿ ಸಾರ್ವಜನಿಕ ಕೀಲಿ ಅವನ ಹತ್ತಿರ ಇದೆ. ಎರಡೂ ಕೂಡಿದರೆ ಒಳಗೆ ಬಿಡುತ್ತಾನೆ. ಅವನೂ ತನ್ನ ಗುರುತು ತೋರಿಸುತ್ತಾನೆ, ಅದನ್ನು ನಾನು ತಾಳೆ ನೋಡಬೇಕು. ಆಮೇಲೆ ಗುಪ್ತವಾಕ್ಯ ಟೈಪ್ ಮಾಡುತ್ತೇನೆ. ಒಳಕೋಣೆ ತೆರೆಯುತ್ತದೆ, ಯಂತ್ರ ಪೂರ್ತಿ ಏಳುತ್ತದೆ, ಕಾವಲುಗಾರ ಸರಿದುಕೊಳ್ಳುತ್ತಾನೆ. ಎರಡು ನಿಮಿಷದ ಕೆಲಸ.

ನಮ್ಮ ಮನೆಯ ಇಂಟರ್ನೆಟ್ಟಿಗೆ ತನ್ನದೇ ಆದ ವಿಳಾಸವಿಲ್ಲ, ಅನೇಕ ಮನೆಗಳಿಗೆ ಸೇರಿ ಒಂದೇ ವಿಳಾಸ. ಹೊರಗಿನಿಂದ ಕೂಗಿದರೆ ಯಾರ ಮನೆಗೆ ಕೇಳಬೇಕು? ಅದಕ್ಕೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಇನ್ನೊಂದು ಯಂತ್ರ ಇಟ್ಟಿದ್ದಾರೆ. ಅದರಲ್ಲಿ ಮನೆಯ ಕಾಗದಗಳು ಯಾವುವೂ ಇಲ್ಲ, ಡಿಸ್ಕಿನ ಬೀಗವೂ ಇಲ್ಲ. ಕರೆಂಟು ಬಂದಕೂಡಲೇ ಎದ್ದು, ತಾನೇ ಹೊರಗೆ ಫೋನು ಮಾಡಿದ ಹಾಗೆ, ಬಾಡಿಗೆಗೆ ಪಡೆದ ಒಂದು ಕಂಪ್ಯೂಟರಿನ ತನಕ ವೈರ್‌ಗಾರ್ಡ್ ಎಂಬ ಸುರಂಗ ತೆರೆದಿಡುತ್ತದೆ. ನಾನು ಆ ಸುರಂಗದಲ್ಲಿ ಬರುತ್ತೇನೆ. ದೊಡ್ಡ ಯಂತ್ರ ಮಾತಾಡದಿದ್ದರೆ ನನ್ನ ಮೊಬೈಲಿಗೆ ಸುದ್ದಿ ಕಳಿಸುವುದೂ ಇದರ ಕೆಲಸ.

ಇಷ್ಟೆಲ್ಲ ಉಸಾಬರಿ ಯಾಕೆ ಅಂತ ನಮ್ಮಾಕೆ ಕೇಳುತ್ತಿದ್ದರು. ಉತ್ತರ 2023ರ ಮೇ ತಿಂಗಳಲ್ಲಿ ಸಿಕ್ಕಿತು. ಅಕ್ಕ ಧಾರವಾಡದ ಮನೆಯಲ್ಲಿ ಜಾರಿ ಬಿದ್ದರು. ಹುಬ್ಬಳ್ಳಿಯ ದವಾಖಾನೆಗೆ ಕರೆದುಕೊಂಡು ಹೋದೆವು. ಬೆನ್ನುಹುರಿಗೆ ಪೆಟ್ಟಾಗಿದೆಯೋ ನೋಡಲು ಎಂಆರ್‌ಐ ಬೇಕು ಅಂದರು. ಅಕ್ಕನ ಎದೆಯಲ್ಲಿ ಪೇಸ್‌ಮೇಕರ್ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿದ್ದಾಗ ನಾಗಪುರದಲ್ಲಿ ಹಾಕಿಸಿದ್ದು. ಎಂಆರ್‌ಐ ಯಂತ್ರ ದೊಡ್ಡ ಅಯಸ್ಕಾಂತ, ಎಲ್ಲ ಪೇಸ್‌ಮೇಕರುಗಳೂ ಅದಕ್ಕೆ ಹೊಂದುವುದಿಲ್ಲ. “ಯಾವ ಮಾಡೆಲ್ ರೀ ಅದು? ಕಾರ್ಡ್ ಎಲ್ಲೈತಿ?” ಅಂತ ಡಾಕ್ಟರು ಕೇಳಿದರು. ಕಾರ್ಡು ನಾಗಪುರದಲ್ಲಿ. ಅದರ ಪ್ರತಿ ಸರ್ವರಿನಲ್ಲಿ. ಮೊಬೈಲು ತೆಗೆದು ನೋಡಿದರೆ ಪೈ ಕಳಿಸಿದ ಸುದ್ದಿ: ಮಧ್ಯಾಹ್ನದಿಂದ ದೊಡ್ಡ ಯಂತ್ರ ಮಾತಾಡುತ್ತಿಲ್ಲ. ನಾಗಪುರದಲ್ಲಿ ಬಿರುಗಾಳಿಯಾಗಿತ್ತು.

ಮನೆಯ ಕೀಲಿಕೈ ಪಕ್ಕದ ಮನೆಯ ಕಾಕೂ ಹತ್ತಿರ ಇತ್ತು. ಫೋನು ಮಾಡಿದೆ. ಹಾಸಿಗೆ ಪಟ್ಟಣದಂತಿರುವ ಕಪಾಟುಗಳಲ್ಲಿ ಕಾರ್ಡು ಹುಡುಕುವುದು ಅವರಿಂದ ಆಗುವ ಮಾತಲ್ಲ. ಆದರೆ ಒಂದು ಮಾತು ಹೇಳಿದರು, ಕರೆಂಟು ಈಗಷ್ಟೇ ಬಂತು ಅಂತ. ದವಾಖಾನೆಯ ಪಡಸಾಲೆಯಲ್ಲಿ ಮಗಳು ಲ್ಯಾಪ್‌ಟಾಪು ತೆರೆದಳು. “ಅಪ್ಪಾ, ಎದ್ದೈತಿ. ಕೀಲಿ ಕೇಳಾಕತ್ತೈತಿ” ಅಂದಳು. ಕಾವಲುಗಾರನ ಗುರುತನ್ನು ಡೈರಿಯಲ್ಲಿ ಬರೆದಿದ್ದರೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿ ಗುಪ್ತವಾಕ್ಯ ಹೊಡೆದೆ. ಸ್ವಲ್ಪ ಹೊತ್ತಿನಲ್ಲಿ ಕಾರ್ಡಿನ ಚಿತ್ರ ಡಾಕ್ಟರ ಕೈಯಲ್ಲಿತ್ತು. ಎಂಆರ್‌ಐಗೆ ಹೊಂದುವ ಮಾಡೆಲ್ ಅದು. ಅವರು ಹೃದಯದ ಡಾಕ್ಟರನ್ನು ಕರೆಸಿ, ಪೇಸ್‌ಮೇಕರನ್ನು ಅದಕ್ಕೆ ತಕ್ಕಂತೆ ಹೊಂದಿಸಿ, ಸಂಜೆ ಪರೀಕ್ಷೆ ಮುಗಿಸಿದರು. ಬೆನ್ನುಹುರಿಗೆ ಏನೂ ಆಗಿರಲಿಲ್ಲ. ನಮ್ಮಾಕೆ ಆಮೇಲೆ ಉಸಾಬರಿ ಅನ್ನುವ ಮಾತು ಎತ್ತಿಲ್ಲ.

ಹಾಗಂತ ಈ ಏರ್ಪಾಡಿನಲ್ಲಿ ಸಂದು ಇಲ್ಲವೆಂದಲ್ಲ. ಪಡಸಾಲೆಗೆ ಬೀಗವಿಲ್ಲ ಎಂದೆನಲ್ಲ, ಅಲ್ಲೇ ಇದೆ ತೊಂದರೆ. ಮನೆಗೆ ನುಗ್ಗಿದವನು ಬರೀ ಕಳ್ಳನಾಗಿರದೆ ಬುದ್ಧಿವಂತನೂ ಆಗಿದ್ದರೆ, ಕಾವಲುಗಾರನನ್ನು ಬದಲಿಸಿ ತನ್ನವನನ್ನು ಕೂರಿಸಬಹುದು. ಹಳೆಯವನ ಗುರುತನ್ನೂ ಕದ್ದು ಹೊಸಬನಿಗೆ ಕೊಡಬಹುದು. ಆಗ ನಾನು ಹೇಳುವ ಗುಪ್ತವಾಕ್ಯ ಅವನ ಕಿವಿಗೆ ಹೋಗುತ್ತದೆ. 2009ರಲ್ಲಿ ಪೋಲೆಂಡಿನ ಯೊಅನ್ನಾ ರುಟ್ಕೊವ್‌ಸ್ಕಾ ಇಂಥ ದಾಳಿಯನ್ನು ಮಾಡಿ ತೋರಿಸಿ ‘ಕೇಡಿ ಕೆಲಸದಾಕೆ’ ಎಂಬರ್ಥದ ಹೆಸರಿಟ್ಟರು. ಹೋಟೆಲಿನ ಕೋಣೆಯಲ್ಲಿ ಬಿಟ್ಟ ಲ್ಯಾಪ್‌ಟಾಪನ್ನು ಕೋಣೆ ಗುಡಿಸಲು ಬಂದವಳು ಮುಟ್ಟಿದ ಹಾಗೆ. ಯಂತ್ರ ಓಡುತ್ತಿರುವಾಗ ಕೀಲಿ ಅದರ ನೆನಪಿನಲ್ಲೇ ಇರುತ್ತದೆ, ಕರೆಂಟು ಹೋದ ಕೆಲ ಕ್ಷಣ ಅದು ಅಲ್ಲೇ ಉಳಿದಿರಬಹುದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದರು. ಆದ್ದರಿಂದ ನಮ್ಮ ಮನೆಯ ನಿಯಮ ಒಂದೇ. ಬಾಗಿಲಿನ ಬೀಗ ಒಡೆದದ್ದು ತಿಳಿದರೆ ದೂರದಿಂದ ಗುಪ್ತವಾಕ್ಯ ಹೇಳುವಂತಿಲ್ಲ. ಕತ್ತರಿಸಿದ ಬಳೆಯ ತಾಮ್ರಶಾಸನವನ್ನು ಯಾರು ನಂಬುತ್ತಾರೆ?

ಯಾರೂ ಕೀಲಿ ಹೇಳುವ ಅಗತ್ಯವೇ ಇಲ್ಲದ ದಾರಿಯೂ ಇದೆ. ಯಂತ್ರದೊಳಗಿನ ಟಿಪಿಎಂ ಎಂಬ ಚಿಪ್ಪಿನಲ್ಲಿ ಕೀಲಿ ಇಡಬಹುದು, ಇಲ್ಲವೆ ಟ್ಯಾಂಗ್ ಎಂಬ ವ್ಯವಸ್ಥೆಯಂತೆ ಮನೆಯ ಇನ್ನೊಂದು ಯಂತ್ರ ಜಾಲದಲ್ಲಿ ಕಂಡರೆ ತಾನಾಗಿ ತೆರೆಯುವ ಹಾಗೆ ಮಾಡಬಹುದು. ದೊಡ್ಡ ಕಚೇರಿಗಳಿಗೆ ಇದು ಅನುಕೂಲ. ನೂರು ಯಂತ್ರಗಳಿಗೆ ಯಾರು ಕೂತು ವಾಕ್ಯ ಹೊಡೆಯುತ್ತಾರೆ? ಆದರೆ ಮನೆಯಲ್ಲಿ ಎರಡು ಡಬ್ಬಿ ಪಕ್ಕಪಕ್ಕ ಇರುತ್ತವೆ. ಕಳ್ಳ ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಮುಗಿಯಿತು. ಸ್ಟ್ರಾಂಗ್ ರೂಮಿನ ಎರಡೂ ಕೀಲಿಯನ್ನು ಒಂದೇ ಮೊಳೆಗೆ ತೂಗುಹಾಕಿದ ಹಾಗೆ. ಬ್ಯಾಂಕಿನಲ್ಲಿ ಬೆಳೆದ ನನಗೆ ಅದು ಒಗ್ಗಲಿಲ್ಲ.

ಉಳಿದದ್ದು ದೊಡ್ಡ ಪ್ರಶ್ನೆ. ನಾನಿಲ್ಲದ ದಿನ ಏನು? ಬ್ಯಾಂಕಿನಲ್ಲಿ ಮ್ಯಾನೇಜರು ತೀರಿಕೊಂಡರೂ ಸ್ಟ್ರಾಂಗ್ ರೂಮು ತೆರೆಯುತ್ತದೆ, ಎರಡನೆಯ ಜೋಡಿ ಬೇರೆ ಶಾಖೆಯಲ್ಲಿದೆ. ಇಲ್ಲಿ ಗುಪ್ತವಾಕ್ಯ ಯಾರಿಗೂ ತಿಳಿಯದಿದ್ದರೆ ಬಡಗಿ ಕರೆಸಿ ಒಡೆಸುವ ಹಾಗಿಲ್ಲ. ಅವ್ವನ ಹಾಡು ನಮ್ಮ ಮಕ್ಕಳಿಗೂ ಸಿಗುವುದಿಲ್ಲ. ಲಕ್ಸ್ ಕಟ್ಟಿದವರು ಇದನ್ನೂ ಯೋಚಿಸಿದ್ದಾರೆ. ಡಿಸ್ಕಿನ ಅಸಲು ಕೀಲಿಯನ್ನು ಯಾರಿಗೂ ಕೊಡುವುದಿಲ್ಲ. ಅದನ್ನು ಡಿಸ್ಕಿನ ತಲೆಭಾಗದಲ್ಲಿ ಹಲವು ಗೂಡುಗಳಲ್ಲಿ, ಒಂದೊಂದು ಗೂಡಿಗೆ ಒಂದೊಂದು ಗುಪ್ತವಾಕ್ಯದಿಂದ ಮುಚ್ಚಿಡುತ್ತಾರೆ. ಮೊದಲಿನ ಲಕ್ಸಿನಲ್ಲಿ ಇಂಥ ಗೂಡು ಎಂಟು. ಯಾವ ಒಂದು ವಾಕ್ಯವಾದರೂ ಬಾಗಿಲು ತೆಗೆಯುತ್ತದೆ. ಒಬ್ಬರ ವಾಕ್ಯ ಅಳಿಸಿದರೆ ಉಳಿದವರದು ಹಾಗೇ ಇರುತ್ತದೆ.

ನಮ್ಮ ಮನೆಯಲ್ಲಿ ಮೂರು ಗೂಡು ತುಂಬಿವೆ. ಒಂದು ನನ್ನದು, ಒಂದು ಮಗಳದು. ಮೂರನೆಯದನ್ನು ಕಾಗದದ ಮೇಲೆ ಬರೆದು, ಲಕೋಟೆಗೆ ಹಾಕಿ, ಅರಗಿನ ಮೊಹರು ಒತ್ತಿ ಧಾರವಾಡದ ಲಾಕರಿನಲ್ಲಿ ಇಟ್ಟಿದ್ದೇವೆ. ಡಿಸ್ಕಿನ ತಲೆಭಾಗ ಕೆಟ್ಟರೆ ಯಾವ ವಾಕ್ಯವೂ ಕೆಲಸಕ್ಕೆ ಬಾರದು, ಆದ್ದರಿಂದ ಅದರ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಅದೇ ಲಕೋಟೆಯಲ್ಲಿದೆ. ಕಾಗದಗಳ ಇನ್ನೊಂದು ಪೂರ್ತಿ ಪ್ರತಿ, ಅದೂ ಗೂಢಲಿಪಿಯಲ್ಲೇ, ಪುಣೆಯಲ್ಲಿ ಅಳಿಯನ ಮನೆಯಲ್ಲಿದೆ.

ಇದಕ್ಕೊಂದು ರಿಜಿಸ್ಟರೂ ಇದೆ. ನೂರು ಪುಟದ ಸಾದಾ ನೋಟುಬುಕ್ಕು, ಕನ್ನಡದಲ್ಲಿ ಬರೆದದ್ದು. ಯಂತ್ರ ಎಲ್ಲಿದೆ, ಕರೆಂಟು ಬಂದ ಮೇಲೆ ಯಾವ ಕ್ರಮದಲ್ಲಿ ಏನು ಮಾಡಬೇಕು, ಲಕೋಟೆ ಯಾವತ್ತು ಇಟ್ಟದ್ದು, ಯಾವತ್ತು ಬದಲಿಸಿದ್ದು ಎಲ್ಲ ಅದರಲ್ಲಿದೆ, ಗುಪ್ತವಾಕ್ಯ ಒಂದನ್ನು ಬಿಟ್ಟು. ಪ್ರತಿ ವರ್ಷ ಬೇಸಗೆಗೆ ಧಾರವಾಡಕ್ಕೆ ಹೋದಾಗ ಲಕೋಟೆ ತೆಗೆದು, ಅದರಲ್ಲಿನ ವಾಕ್ಯದಿಂದ ಒಮ್ಮೆ ನಾಗಪುರದ ಬೀಗ ತೆಗೆದು ನೋಡಿ, ಆಮೇಲೆ ಹೊಸ ವಾಕ್ಯ ಬರೆದು ಮತ್ತೆ ಮೊಹರು ಮಾಡುತ್ತೇವೆ. ತಾರೀಖಿನ ಕೆಳಗೆ ನನ್ನದೊಂದು ಸಹಿ, ಮಗಳದೊಂದು ಸಹಿ. ಹೋದ ಸಲ ಬೀಗ ತೆಗೆದವಳು ಅವಳೇ, ನಾನು ಪಕ್ಕದಲ್ಲಿ ಕೂತು ನೋಡಿದೆ.